ಪಂಚಾಯಿತಿ ನೋಟಿಸು ಯಾರ ಕೈಯಲ್ಲಿದೆ? ದೊಡ್ಡ ಟೆಕ್ ಕಂಪನಿಗಳ ಮುಂದೆ ಸರ್ಕಾರ ಇಷ್ಟು ಬಗ್ಗಬೇಕಾ?

ಭೀಮಾತೀರದವ (ಅಫಜಲಪುರ)
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ, ಇವತ್ತು ಬರೆದೇ ಬಿಡುತ್ತೇನೆ.

ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಳಕ್ಕೆ ನೀರು ಬಿಡುವ ಹೊತ್ತು, ರೇಷನ್ ಬಂದ ಸುದ್ದಿ, ಗ್ರಾಮಸಭೆ ತಾರೀಕು ಎಲ್ಲವೂ ಒಂದು ಮೆಸೇಜಿಂಗ್ ಆಪ್‌ನ ಗ್ರೂಪಿಗೆ ಬೀಳುತ್ತಿತ್ತು. ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸುವುದು ಯಾವಾಗಲೋ ನಿಂತುಹೋಗಿದೆ. ಗ್ರೂಪಿನ ಅಡ್ಮಿನ್ ಬಿಲ್ ಕಲೆಕ್ಟರ್. ನಂಬರ್ ಆತನ ಸ್ವಂತದ್ದು. ಎರಡು ತಾಂಡಾದ ಜನರನ್ನು ಒಂದೇ ಸಂಜೆ ಗ್ರೂಪಿಗೆ ಸೇರಿಸಿದ್ದಕ್ಕೆ ಕಂಪನಿಯ ಯಂತ್ರ ಆತನನ್ನು ಬೇಡದ ಮೆಸೇಜ್ (ಸ್ಪ್ಯಾಮ್) ಕಳಿಸುವವನು ಅಂತ ತಿಳಿದು ನಂಬರ್ ಬಂದ್ ಮಾಡಿತು. ಆತ ಫಾರಂ ತುಂಬಿದ. ತಾನಾಗೇ ಬರುವ ಒಂದು ಉತ್ತರ ಬಂತು. ಮತ್ತೆ ತುಂಬಿದ, ಅದೇ ಉತ್ತರ. ಕೊನೆಗೆ ಪಿಡಿಒ ಸಾಹೇಬರು ಲೆಟರ್‌ಹೆಡ್ ಮೇಲೆ ಸೀಲು ಹೊಡೆದು ಪತ್ರ ಬರೆದರು. ಕಳಿಸುವುದು ಎಲ್ಲಿಗೆ? ವಿಳಾಸವೇ ಗೊತ್ತಿಲ್ಲ. ಅಷ್ಟರಲ್ಲಿ ಗ್ರಾಮಸಭೆ ನಡೆದುಹೋಯಿತು. ತಾಂಡಾದಿಂದ ಒಬ್ಬರೂ ಬರಲಿಲ್ಲ. ಮನೆ ಫಲಾನುಭವಿಗಳ ಪಟ್ಟಿ ಅವತ್ತೇ ಓದಿದ್ದು.

ಇದನ್ನು ಒಂದೂರಿನ ಪಡಿಪಾಟಲು ಅಂತ ಬಿಡಲು ನನಗೆ ಮನಸ್ಸಿಲ್ಲ. ಜನ ಓಟು ಹಾಕಿ ಆರಿಸಿದ ಪಂಚಾಯಿತಿ ತನ್ನ ಜನರ ಜೊತೆ ಮಾತಾಡುವ ದಾರಿಯನ್ನು ಎಲ್ಲೋ ಕೂತ ಕಂಪನಿ ಮುಚ್ಚಿಬಿಟ್ಟಿತು, ತೆರೆಸಲು ಯಾರಿಗೂ ಆಗಲಿಲ್ಲ. ಪಂಚಾಯಿತಿಗೇ ಹೀಗಾದರೆ ರಾಜ್ಯದ್ದೇನು, ಕೇಂದ್ರದ್ದೇನು? ನಿಮ್ಮ ಅಭಿಪ್ರಾಯ ಬೇಕು.

ಹುಮನಾಬಾದ್_ಹುಡುಗ
ಅಣ್ಣಾ, ಇದರಲ್ಲಿ ಕಂಪನಿಯ ತಪ್ಪು ಎಲ್ಲಿದೆ? ಬೋರ್ಡಿಗೆ ಒಂದು ಹಾಳೆ ಹಚ್ಚಲು ಏನು ದಾಡಿ? ಪುಕ್ಕಟೆ ಸಿಕ್ಕಿತು ಅಂತ ಬಳಸಿದರು, ಈಗ ಕಂಪನಿ ಮೇಲೆ ಹಾಕಿದರೆ ಹೇಗೆ?

ತೊಗರಿಹೊಲ (ಆಳಂದ)
ಪುಕ್ಕಟೆ ಕೊಟ್ಟು ಚಟ ಹಿಡಿಸುವುದೇ ಅವರ ವ್ಯಾಪಾರ ಕಣಪ್ಪಾ. ಹಾಳೆ ಹಚ್ಚುವುದು ನಿಂತಿದ್ದು ಯಾಕೆ ಅಂತ ನೀನೇ ಯೋಚಿಸು.

ಬಿದ್ರಿಕಲೆ (ಬೀದರ್)
ಇದು ನಮ್ಮೂರಲ್ಲಿ ಮಾತ್ರ ಆಗಿದ್ದಲ್ಲ. ಆಸ್ಟ್ರೇಲಿಯಾದಂಥ ದೇಶಕ್ಕೇ ಆಗಿದೆ. 2021ರ ಫೆಬ್ರವರಿ. ಸುದ್ದಿ ಬಳಸಿದ್ದಕ್ಕೆ ಪತ್ರಿಕೆಗಳಿಗೆ ದುಡ್ಡು ಕೊಡಿ ಅಂತ ಅಲ್ಲಿನ ಸರ್ಕಾರ ಕಾನೂನು ತರಲು ಹೊರಟಿತ್ತು. ಫೇಸ್‌ಬುಕ್ ಏನು ಮಾಡಿತು? ಇಡೀ ದೇಶದಲ್ಲಿ ಸುದ್ದಿ ಬಂದ್. ಅದರ ಜೊತೆಗೆ ಹವಾಮಾನ ಇಲಾಖೆ, ಆರೋಗ್ಯ ಇಲಾಖೆ, ಬೆಂಕಿ ಅನಾಹುತದ ಎಚ್ಚರಿಕೆ ಕೊಡುವ ಪುಟಗಳೂ ಖಾಲಿಯಾದವು. ಕೋವಿಡ್ ಲಸಿಕೆ ಶುರುವಾಗಬೇಕಿದ್ದ ದಿನಗಳು ಅವು. ಕೆಲವೇ ದಿನದಲ್ಲಿ ಸರ್ಕಾರ ಮಾತುಕತೆಗೆ ಕೂತು ಕಾನೂನಿಗೆ ತಿದ್ದುಪಡಿ ಒಪ್ಪಿಕೊಂಡಿತು, ಆಮೇಲೆ ಪುಟಗಳು ಬಂದವು.

ಕೆನಡಾದಲ್ಲೂ ಹಾಗೇ. 2023ರ ಆಗಸ್ಟಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಸುದ್ದಿ ಬಂದ್. ಅದೇ ತಿಂಗಳು ಯೆಲ್ಲೋನೈಫ್ ಅನ್ನೋ ಊರಿಗೆ ಕಾಡಿನ ಬೆಂಕಿ ಹತ್ತಿರ ಬಂದು ಸುಮಾರು 20 ಸಾವಿರ ಜನ ಊರು ಬಿಡಬೇಕಾಯಿತು. ಯಾವ ರಸ್ತೆ ತೆರೆದಿದೆ ಅನ್ನುವ ಪತ್ರಿಕೆ ಸುದ್ದಿಯನ್ನು ಒಬ್ಬರಿಗೊಬ್ಬರು ಅಲ್ಲಿ ಹಂಚಿಕೊಳ್ಳಲೂ ಆಗಲಿಲ್ಲ. ಪ್ರಧಾನಿಯೇ ಬಹಿರಂಗವಾಗಿ ಟೀಕಿಸಿದರೂ ಕಂಪನಿ ಬಗ್ಗಲಿಲ್ಲ. ಅಷ್ಟು ದೊಡ್ಡ ದೇಶಗಳ ಗತಿ ಇದು. ನಮ್ಮ ಪಿಡಿಒ ಪತ್ರ ಯಾವ ಲೆಕ್ಕ?

ಹುಮನಾಬಾದ್_ಹುಡುಗ
ಅದು ವ್ಯಾಪಾರದ ಜಗಳ. ದುಡ್ಡು ಕೊಡು ಅಂದರೆ ಆ ಮಾಲು ನನಗೆ ಬೇಡ ಅನ್ನುವ ಹಕ್ಕು ಅವರಿಗೂ ಇದೆ ಅಲ್ವಾ?

ಬಿದ್ರಿಕಲೆ (ಬೀದರ್)
ಇದೆ. ಆದರೆ ಹವಾಮಾನ ಇಲಾಖೆ ಯಾವ ದುಡ್ಡು ಕೇಳಿತ್ತು?

ಸುರಪುರದಕ್ಕ
ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು (ಕೂಲಿಕಾರರ ಹಾಜರಿ, ಕೆಲಸ ನೋಡಿಕೊಳ್ಳುವವಳು) ಆಗಿ ಕೆಲಸ ಮಾಡಿದವಳು. ನೆಲದ ಮೇಲಿನ ಮಾತು ಹೇಳುತ್ತೇನೆ.

2023ರ ಜನವರಿಯಿಂದ ಎಲ್ಲಾ ಕಡೆ ಹಾಜರಿ ಮೊಬೈಲ್ ಆಪ್‌ನಲ್ಲೇ ಹಾಕಬೇಕು ಅಂತಾಯಿತು. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಒಂದು ಫೋಟೋ. ಆಪ್ ಸರ್ಕಾರದ್ದೇ, ಕಂಪನಿಯದ್ದಲ್ಲ. ಆದರೆ ಅದು ಓಡಬೇಕಾದ ಫೋನು ನನ್ನದು, ನನ್ನ ದುಡ್ಡಿನದು. ಫೋನು ಹಳೆಯದಾಯಿತು, ಅದರ ಆಂಡ್ರಾಯ್ಡ್‌ಗೆ ಹೊಸ ಅಪ್‌ಡೇಟ್ ಬರುವುದು ನಿಂತಿತು. ಒಂದು ದಿನ ಹಾಜರಿ ಆಪ್ ತೆರೆಯಲೇ ಇಲ್ಲ. ಕೆರೆಯ ಹೂಳೆತ್ತುವ ಕೆಲಸ. ಹೆಂಗಸರು ಬುಟ್ಟಿ ತಲೆ ಮೇಲಿಟ್ಟುಕೊಂಡೇ ಸಾಲಾಗಿ ನಿಂತರು ಫೋಟೋಕ್ಕೆ. ನಾನು ಏರಿ ಮೇಲೆ ಹತ್ತಿ ಇಳಿದು, ಫೋನು ಆಫ್ ಮಾಡಿ ಆನ್ ಮಾಡಿ, ಏನು ಮಾಡಿದರೂ ಇಲ್ಲ. ಪಕ್ಕದ ಹೊಲದ ಹುಡುಗನ ಫೋನು ತಂದು ಲಾಗಿನ್ ಆಗುವ ಹೊತ್ತಿಗೆ ಬೆಳಿಗ್ಗೆಯ ಸಮಯ ಮುಗಿದಿತ್ತು. ಅವತ್ತಿನ ಅರ್ಧ ದಿನದ ಕೂಲಿಗೆ ಎಷ್ಟು ಕಚೇರಿ ಅಲೆದೆವು ಅನ್ನುವುದು ನಮಗೇ ಗೊತ್ತು.

ಕಂಪನಿ ಯಾರಿಗೂ ದ್ರೋಹ ಮಾಡಲಿಲ್ಲ, ಒಪ್ಪುತ್ತೇನೆ. ಹಳೇ ಫೋನಿಗೆ ಅಪ್‌ಡೇಟ್ ಬೇಡ ಅಂತ ಅವರ ಲೆಕ್ಕ. ಆದರೆ ಆ ಲೆಕ್ಕ ನಮ್ಮ ಕೆರೆ ಏರಿಯ ಮೇಲೆ ಕೂಲಿಯ ಕಾನೂನಾಗಿ ಬಂತು. ಬದಲಿ ದಾರಿ ಏನು ಅನ್ನುವುದು ನಮ್ಮ ತನಕ ಬರಲೇ ಇಲ್ಲ. ಹೀಗಾದ ದಿನ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ನಡೆಯುತ್ತದೆ ಅಂತ ಒಂದೇ ಒಂದು ಸಾಲು ನಮಗೆ ಯಾರಾದರೂ ಹೇಳಿದ್ದರೆ ಸಾಕಿತ್ತು.

ಕಾಗಿಣಾ (ಚಿತ್ತಾಪುರ)
ಅಕ್ಕಾರೇ, ಇದೇ ನೋಡ್ರಿ ಮುಖ್ಯವಾದದ್ದು. ಎಲ್ಲರೂ ಲಾಬಿ, ಮಂತ್ರಿಗಳ ಭೇಟಿ ಅಂತ ಮಾತಾಡುತ್ತಾರೆ. ನಿಜವಾದ ಬಲ ಇಲ್ಲಿದೆ.

ಕೋಡ್_ಕಲಬುರಗಿ (ಈಗ ಬೆಂಗಳೂರು)
ಆಂಡ್ರಾಯ್ಡ್ ಮಾತು ಬಂತು, ಅದಕ್ಕೆ ಹೇಳುತ್ತೇನೆ. ನಮ್ಮ ದೇಶದ ಸ್ಮಾರ್ಟ್‌ಫೋನುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಆಂಡ್ರಾಯ್ಡ್. ಮಾರುಕಟ್ಟೆಯಲ್ಲಿ ದೊಡ್ಡವರ ದಬ್ಬಾಳಿಕೆ ತಡೆಯುವ ಕೇಂದ್ರದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿತು. ಫೋನು ಮಾಡುವವರು ಗೂಗಲ್ ಆಪ್‌ಗಳ ಇಡೀ ಗಂಟನ್ನು ಹಾಕಲೇಬೇಕು ಅಂತ ಒತ್ತಾಯ ಮಾಡಿದ್ದಕ್ಕೆ. ಅದೇ ತಿಂಗಳು ಪ್ಲೇ ಸ್ಟೋರ್ ವಿಷಯಕ್ಕೆ ಇನ್ನೂ 936.44 ಕೋಟಿ. ಅಂದರೆ ಸರ್ಕಾರಿ ಸಂಸ್ಥೆಗಳು ಸುಮ್ನೆ ಕೂತಿಲ್ಲ.

ತೊಗರಿಹೊಲ (ಆಳಂದ)
ದಂಡ ಹಾಕಿದ್ದು ಸರಿ. ಕಟ್ಟಿದರಾ? ಅಪೀಲು ಹಾಕಿ ಅಲ್ಲೇ ಬಿದ್ದಿರುತ್ತದೆ.

ವಕೀಲ_ಕಲಬುರಗಿ
ಇಲ್ಲ, ತೊಗರಿಹೊಲ ಅವರೇ. 1,337 ಕೋಟಿಯ ದಂಡವನ್ನು ಮೇಲ್ಮನವಿ ಮಂಡಳಿ 2023ರ ಮಾರ್ಚಿನಲ್ಲಿ ಎತ್ತಿಹಿಡಿದು 30 ದಿನದಲ್ಲಿ ಕಟ್ಟಿ ಅಂದಿತು. ಆದರೆ ಆಯೋಗ ಕೊಟ್ಟಿದ್ದ 10 ನಿರ್ದೇಶನಗಳಲ್ಲಿ 4 ಅನ್ನು ತೆಗೆದುಹಾಕಿತು. ನನ್ನ ಪ್ರಕಾರ ದಂಡಕ್ಕಿಂತ ಆ ನಾಲ್ಕೇ ದೊಡ್ಡವು. ಅಷ್ಟು ದೊಡ್ಡ ಕಂಪನಿಗೆ ದುಡ್ಡು ಒಂದು ಖರ್ಚು ಅಷ್ಟೇ. ವ್ಯಾಪಾರದ ರೀತಿ ಬದಲಿಸು ಅನ್ನುವ ಆದೇಶ ಬಂದಾಗಲೇ ಅವರಿಗೆ ಬಿಸಿ ಮುಟ್ಟುವುದು.

ಭೀಮಾತೀರದವ ಅವರಿಗೂ ಒಂದು ತಿದ್ದುಪಡಿ. ವಿಳಾಸ ಇದೆ. 2021ರ ಐಟಿ ನಿಯಮಗಳಲ್ಲಿ, 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲಿ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಲೇಬೇಕು. ದೂರು ಬಂದಿದೆ ಅಂತ 24 ಗಂಟೆಯಲ್ಲಿ ತಿಳಿಸಬೇಕು. ತೀರಿಸಲು ಮೊದಲು 15 ದಿನ ಇತ್ತು, 2026ರಲ್ಲಿ ಅದನ್ನು 7 ದಿನಕ್ಕೆ ಇಳಿಸಿದರು. ಸಮಾಧಾನ ಆಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಆನ್‌ಲೈನಿನಲ್ಲೇ ಆಗುತ್ತದೆ, ವಕೀಲರೂ ಬೇಡ. ನಿಮ್ಮ ಬಿಲ್ ಕಲೆಕ್ಟರಿಗೆ ಈಗಲೇ ಹೇಳಿ.

ಭೀಮಾತೀರದವ (ಅಫಜಲಪುರ)
ಸರ್, ತುಂಬಾ ಉಪಕಾರ. ಈ ಮಾಹಿತಿ ತಾಲ್ಲೂಕು ಪಂಚಾಯಿತಿಗಳಿಗೂ ಯಾರಾದರೂ ಕಳಿಸಬೇಕು. ಆದರೆ ಒಂದು ಮಾತು ಉಳಿಯುತ್ತದೆ. ಆ ದಾರಿಯಲ್ಲಿ ಹೋಗುವುದು ಬಿಲ್ ಕಲೆಕ್ಟರ್ ಒಬ್ಬ ಗಿರಾಕಿಯಾಗಿ. ಪಂಚಾಯಿತಿ ಅಲ್ಲಿ ಸರ್ಕಾರವೇ ಅಲ್ಲ. ಮತ್ತೆ ಅಷ್ಟು ದಿನ ಕಾಯುವುದರಲ್ಲಿ ಗ್ರಾಮಸಭೆ ಮುಗಿದಿರುತ್ತದೆ.

ಶಹಾಬಾದ್_ಫರ್ಸಿ
ಎಲ್ಲಾ ಸೇರಿ ಸರ್ಕಾರ ಬಡಪಾಯಿ ಅನ್ನುವ ಹಾಗೆ ಬರೆಯುತ್ತಿದ್ದೀರಿ. ನನಗೆ ಪೂರ್ತಿ ಉಲ್ಟಾ ಕಾಣುತ್ತದೆ. 2020ರ ಜೂನ್ 29, ಒಂದೇ ರಾತ್ರಿ ಟಿಕ್‌ಟಾಕ್ ಸೇರಿ 59 ಆಪ್ ಬಂದ್. ನಮ್ಮೂರ ಹುಡುಗರೆಲ್ಲ ಅದರಲ್ಲೇ ಇದ್ದರು, ಬೆಳಗಾಗುವುದರಲ್ಲಿ ಮಾಯ. ಪೋಸ್ಟ್, ಖಾತೆ ಬಂದ್ ಮಾಡಿ ಅನ್ನುವ ಕೇಂದ್ರದ ಆದೇಶದ ವಿರುದ್ಧ ಟ್ವಿಟರ್ ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋಗಿ 2023ರಲ್ಲಿ 50 ಲಕ್ಷ ದಂಡ ಹಾಕಿಸಿಕೊಂಡು ಬಂತು. 2025ರ ಸೆಪ್ಟೆಂಬರಿನಲ್ಲಿ ಪೋಸ್ಟ್ ತೆಗೆಯಿರಿ ಅಂತ ಸರ್ಕಾರ ಕಂಪನಿಗಳಿಗೆ ಹೇಳುವ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯೂ ವಜಾ. ಯಾರ ಕೈ ಮೇಲಿದೆ ಹೇಳಿ? ನನಗೆ ಕಂಪನಿಗಿಂತ ಸರ್ಕಾರದ ಭಯವೇ ಜಾಸ್ತಿ. ಯಾವ ಪೋಸ್ಟ್ ತೆಗೆಸಿದರು, ಯಾಕೆ ತೆಗೆಸಿದರು ಅಂತ ಬರೆದವನಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಕಾಗಿಣಾ (ಚಿತ್ತಾಪುರ)
ಫರ್ಸಿ ಅಣ್ಣಾ, ನೀವು ಹೇಳಿದ್ದು ಎಲ್ಲಾ ಬಾಯಿ ಮುಚ್ಚಿಸುವ ವಿಷಯ. ಅಲ್ಲಿ ಸರ್ಕಾರಕ್ಕೆ ಬಲ ಇದೆ, ಒಪ್ಪಿದೆ. ದುಡ್ಡಿನ ವಿಷಯಕ್ಕೆ ಬನ್ನಿ.

ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ 2016ರಿಂದ 6 ಪರ್ಸೆಂಟ್ ತೆರಿಗೆ ಇತ್ತು. ಜನ ಅದನ್ನು ಗೂಗಲ್ ಟ್ಯಾಕ್ಸ್ ಅಂತಿದ್ದರು. 2020ರಲ್ಲಿ ಆನ್‌ಲೈನ್ ವ್ಯಾಪಾರಕ್ಕೆ 2 ಪರ್ಸೆಂಟ್ ಬೇರೆ ಹಾಕಿದರು. ಅಮೆರಿಕ ಕಣ್ಣು ಕೆಂಪು ಮಾಡಿತು. 2 ಪರ್ಸೆಂಟ್ 2024ರ ಆಗಸ್ಟ್ 1ಕ್ಕೆ ಹೋಯಿತು, 6 ಪರ್ಸೆಂಟ್ 2025ರ ಏಪ್ರಿಲ್ 1ಕ್ಕೆ ಹೋಯಿತು. ಸುಂಕದ ಬೆದರಿಕೆ ಜೋರಾಗಿದ್ದ ಹೊತ್ತು ಅದು. ಕೆನಡಾ ಕೂಡ ಅದೇ ಜೂನ್ ಕೊನೆಗೆ ತನ್ನ ಡಿಜಿಟಲ್ ತೆರಿಗೆ ಕೈಬಿಟ್ಟಿತು. ಅಮೆರಿಕ ವ್ಯಾಪಾರ ಮಾತುಕತೆ ನಿಲ್ಲಿಸುತ್ತೇವೆ ಅಂದ ಎರಡೇ ದಿನದಲ್ಲಿ. ಅಂದರೆ ಕಂಪನಿಯ ಹಿಂದೆ ಒಂದು ದೇಶವೇ ನಿಂತಿದೆ. ನಮ್ಮ ಜಾಹೀರಾತಿನ ದುಡ್ಡು ಹೋಗುತ್ತಿದೆ, ನಮ್ಮ ಊರಿನ ಸಣ್ಣ ಪತ್ರಿಕೆಗಳು ಒಂದೊಂದೇ ಮುಚ್ಚುತ್ತಿವೆ. ಅವರ ಮೇಲೆ ಆರು ರೂಪಾಯಿ ಹಾಕುವ ಧೈರ್ಯ ಉಳಿಯಲಿಲ್ಲ.

ಶಹಾಬಾದ್_ಫರ್ಸಿ
ಅಂದರೆ ಇಬ್ಬರ ಮಧ್ಯೆ ಸಿಕ್ಕಿ ಒದ್ದಾಡುವವರು ನಾವು ಅಂತಾಯಿತು. ಮಾತಾಡಿದರೆ ಸರ್ಕಾರ ತೆಗೆಸುತ್ತದೆ, ದುಡ್ಡು ಕಂಪನಿಗೆ ಹೋಗುತ್ತದೆ. ಇದನ್ನು ಒಪ್ಪುತ್ತೇನೆ.

ಸೂಪರ್‌ಮಾರ್ಕೆಟ್_ಅಂಗಡಿ (ಕಲಬುರಗಿ)
ದುಡ್ಡು ಅಂದಿರಲ್ಲ. ನನ್ನ ಅಂಗಡಿ ಮುಂದೆ ಸುಸಲಾ ಮಿರ್ಚಿ ಗಾಡಿ ಇದೆ. ಅಲ್ಲಿಗೆ ಬರುವವರು ಯಾರೂ ಯುಪಿಐ ಅನ್ನುವುದಿಲ್ಲ, ‘ಫೋನ್‌ಪೇ ಮಾಡ್ಲಾ’ ಅಂತಾರೆ. ಯುಪಿಐ ಮಾಡಿದ್ದು ನಮ್ಮವರು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ). ಆದರೆ ಫೋನ್‌ಪೇ, ಗೂಗಲ್ ಪೇ ಎರಡೇ ಸೇರಿ ಸುಮಾರು 80 ಪರ್ಸೆಂಟ್ ವಹಿವಾಟು. ಒಂದು ವಾಲ್‌ಮಾರ್ಟಿನದು, ಇನ್ನೊಂದು ಗೂಗಲ್‌ನದು. ಎರಡೂ ಅಮೆರಿಕದವರ ಕೈಯಲ್ಲಿ.

ಕೋಡ್_ಕಲಬುರಗಿ (ಈಗ ಬೆಂಗಳೂರು)
ಅದಕ್ಕೇ ಯಾವ ಆಪ್‌ಗೂ 30 ಪರ್ಸೆಂಟ್ ದಾಟಬಾರದು ಅಂತ ಎನ್‌ಪಿಸಿಐ 2020ರ ನವೆಂಬರಿನಲ್ಲೇ ಹೇಳಿತ್ತು. ಮೊದಲು 2022ರ ಕೊನೆ ಅಂತ ಗಡುವು. ಆಮೇಲೆ 2024ರ ಕೊನೆ. ಆಮೇಲೆ 2026ರ ಕೊನೆ.

ತೊಗರಿಹೊಲ (ಆಳಂದ)
ರೈತನ ಸಾಲದ ಗಡುವನ್ನು ಯಾರಾದರೂ ಹೀಗೆ ಎರಡೆರಡು ವರ್ಷ ಮುಂದೆ ಹಾಕಿದ್ದಾರಾ? ಹೊಟ್ಟೆ ಉರಿಯುತ್ತದೆ ರೀ.

ಕೋಡ್_ಕಲಬುರಗಿ (ಈಗ ಬೆಂಗಳೂರು)
ಕಾಕಾ, ಸಿಟ್ಟು ಸರಿ. ಆದರೆ ಗಡುವು ಮುಂದೆ ಹಾಕಲು ಕಾರಣವೂ ಇದೆ. ಇವತ್ತು 30ಕ್ಕೆ ನಿಲ್ಲಿಸಿದರೆ ಮಿರ್ಚಿ ಗಾಡಿಯ ಮುಂದೆ ನಿಂತ ಗಿರಾಕಿಯ ಪೇಮೆಂಟ್ ಹೋಗುವುದಿಲ್ಲ. ತೊಂದರೆ ಜನರಿಗೇ. ಒಂದು ಕಂಪನಿ ಅಷ್ಟು ಬೆಳೆದ ಮೇಲೆ ನಿಯಮ ಹಾಕಿದರೆ ನಿಯಮವೇ ಒತ್ತೆಯಾಳಾಗುತ್ತದೆ. ಅದಕ್ಕೆ ನಿಯಮ ಮೊದಲೇ ಬರಬೇಕಿತ್ತು, 2017, 18ರಲ್ಲಿ.

ಸೂಪರ್‌ಮಾರ್ಕೆಟ್_ಅಂಗಡಿ (ಕಲಬುರಗಿ)
ಮತ್ತೆ 2025ರ ಜುಲೈನಲ್ಲಿ ಆಗಿದ್ದು ಮರೆಯಬೇಡಿ. ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸು ಹೋದವು. ಬೆಂಗಳೂರಲ್ಲಿ ಬೇಕರಿ, ಚಹಾ ಅಂಗಡಿಯವರು ಸ್ಕ್ಯಾನರ್ ಕಿತ್ತು ಬರೀ ಕ್ಯಾಷ್ ಅಂತ ಬೋರ್ಡ್ ಹಾಕಿದರು. ಇಲ್ಲಿ ಕಣ್ಣಿ ಮಾರ್ಕೆಟಿನಲ್ಲೂ ನಾಲ್ಕು ದಿನ ಅದೇ ಮಾತು. ಆಮೇಲೆ ಹಳೇ ಬಾಕಿ ಕೇಳುವುದಿಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ತಣ್ಣಗಾಯಿತು. ನಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕ ಪೂರ್ತಿ ಕಂಪನಿ ಹತ್ತಿರ, ಬೇಕಾದಾಗ ಸರ್ಕಾರದ ಹತ್ತಿರ.

ಹುಮನಾಬಾದ್_ಹುಡುಗ
ವಿಷಯ ಎಲ್ಲೆಲ್ಲೋ ಹೋಯಿತು. ಈ ವರ್ಷ ತೊಗರಿ ರೇಟ್ ಹೇಗಿದೆ ಕಾಕಾ, ಆಳಂದ ಕಡೆ?

ತೊಗರಿಹೊಲ (ಆಳಂದ)
ರೇಟಿನ ಮಾತು ಬೇರೆ ಕಡೆ ಮಾಡೋಣಪ್ಪಾ. ಆದರೆ ಅದಕ್ಕೂ ಇದಕ್ಕೂ ನಂಟಿದೆ. ಬೆಳೆ ಸಮೀಕ್ಷೆ ಫೋನಿನಲ್ಲಿ, ಬೆಳೆ ವಿಮೆ ಪೋರ್ಟಲಿನಲ್ಲಿ, ಬೆಂಬಲ ಬೆಲೆಗೆ ಹೆಸರು ಹಚ್ಚುವುದು ಫ್ರೂಟ್ಸ್ ಐಡಿಯಲ್ಲಿ (ರೈತರ ನೋಂದಣಿ ಸಂಖ್ಯೆ). ಹೊಲದಲ್ಲಿ ತೊಗರಿ ನಿಂತಿದ್ದರೂ ಸಮೀಕ್ಷೆಯಲ್ಲಿ ಹೆಸರುಕಾಳು ಅಂತ ಬಿದ್ದಿದ್ದರೆ ಮಾರಲು ಹೋದಾಗ ನೀನು ತೊಗರಿ ಬೆಳೆದವನೇ ಅಲ್ಲ.

ನಿವೃತ್ತ_ಲೆಕ್ಕಿಗ (ಸೇಡಂ)
ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು. ಈಗಿನವರು ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ. ಎಲ್ಲವನ್ನೂ ಕಂಪನಿಗೆ ಬರೆದುಕೊಟ್ಟಿದ್ದೇವೆ ಅನ್ನುವ ಮಾತಿಗೆ ಸ್ವಲ್ಪ ತಡೆ ಹಾಕುತ್ತೇನೆ.

ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಭೂಮಿ ಯೋಜನೆ ಬಂದಾಗ ನಾನು ಕೆಲಸದಲ್ಲಿದ್ದೆ. 2000ದ ಸುಮಾರು. ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. ತಂತ್ರಾಂಶ ಮಾಡಿದ್ದು ಕೇಂದ್ರ ಸರ್ಕಾರದ ಎನ್‌ಐಸಿ. ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೆ ಮೊದಲು ಒಂದು ಪಹಣಿಗೆ ರೈತ ನನ್ನಂಥವರ ಹಿಂದೆ ಎಷ್ಟು ಅಲೆಯಬೇಕಿತ್ತು ಅಂತ ನನಗೇ ಗೊತ್ತು. ಬೆರಳಚ್ಚು ಕೊಡದೆ ತಿದ್ದುಪಡಿ ಆಗುತ್ತಿರಲಿಲ್ಲ, ಯಾರು ತಿದ್ದಿದರು ಅಂತ ದಾಖಲೆ ಉಳಿಯುತ್ತಿತ್ತು. ತಪ್ಪಾಗಿದ್ದರೆ ತಹಶೀಲ್ದಾರರ ಮುಂದೆ ನಿಂತು ಕೇಳಬಹುದಿತ್ತು. ಅಂದರೆ ಸರ್ಕಾರ ಮನಸ್ಸು ಮಾಡಿದರೆ ಸ್ವಂತದ್ದು ಮಾಡುತ್ತದೆ. ಮಾಡಿದೆ.

ಬೇರೆ ಕಡೆ ಅಷ್ಟು ಎಚ್ಚರ ಇರಲಿಲ್ಲ. ಕಚೇರಿಯ ಕನ್ನಡ ಪತ್ರಗಳನ್ನೇ ನೋಡಿ. ವರ್ಷಗಟ್ಟಲೆ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದೆವು. ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಂದ ಮೇಲೆ ಆ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ. ಅಲ್ಲಿ ವಿದೇಶಿ ಕಂಪನಿ ಯಾರೂ ಇರಲಿಲ್ಲ. ಎಲ್ಲರಿಗೂ ತೆರೆಯಲು ಬರುವ ರೂಪದಲ್ಲಿ ಇಡಬೇಕು ಅನ್ನುವ ಶಿಸ್ತು ನಮ್ಮಲ್ಲೇ ಇರಲಿಲ್ಲ. ಆ ಶಿಸ್ತು ಇಲ್ಲದವರ ಹತ್ತಿರ ಕಂಪನಿ ಬಂದು ನಿಂತರೆ ಗೆಲ್ಲುವುದು ಯಾರು?

ಬಿದ್ರಿಕಲೆ (ಬೀದರ್)
ಸಾಹೇಬ್ರೇ, ಒಳ್ಳೇ ಮಾತು. ಭೂಮಿ ಸರ್ವರ್ ಕೂಡ ಎಷ್ಟು ಸಲ ಡೌನ್ ಆಗಿದೆ ಅನ್ನುವುದನ್ನೂ ಸೇರಿಸಿ.

ನಿವೃತ್ತ_ಲೆಕ್ಕಿಗ (ಸೇಡಂ)
ಆಗಿದೆ. ಆಗುತ್ತಲೇ ಇರುತ್ತದೆ. ಆದರೆ ಡೌನ್ ಆದರೆ ಬೈಯಲು ನಮ್ಮ ಶಾಸಕರಿದ್ದಾರೆ, ಡಿಸಿ ಇದ್ದಾರೆ.

ವಕೀಲ_ಕಲಬುರಗಿ
ನಯಾರಾ ಎನರ್ಜಿ ಪ್ರಕರಣ ಯಾರೂ ಎತ್ತಲಿಲ್ಲ. 2025ರ ಜುಲೈ. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ, ದೇಶದ ಶುದ್ಧೀಕರಣ ಸಾಮರ್ಥ್ಯದಲ್ಲಿ ಸುಮಾರು 8 ಪರ್ಸೆಂಟ್ ಅವರದು. ರಷ್ಯಾದ ರಾಸ್‌ನೆಫ್ಟ್ ಪಾಲು ಇದೆ ಅಂತ ಯುರೋಪ್ ಒಕ್ಕೂಟ ನಿರ್ಬಂಧ ಹಾಕಿತು. ಹಾಕಿದ್ದು ಯುರೋಪ್. ಅದನ್ನು ನೋಡಿ ನಯಾರಾದ ಸೇವೆ ನಿಲ್ಲಿಸಿದ ಮೈಕ್ರೋಸಾಫ್ಟ್ ಅಮೆರಿಕದ ಕಂಪನಿ. ಇಮೇಲು ನಿಂತಿದ್ದು ಭಾರತದಲ್ಲಿ. ದುಡ್ಡು ಕೊಟ್ಟು ಪಡೆದ ಸೇವೆ, ಅವರದೇ ಡೇಟಾ, ತೆರೆಯಲು ಬಿಡಲಿಲ್ಲ. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಕೆಲವು ದಿನದಲ್ಲಿ ಸೇವೆ ವಾಪಸ್ ಬಂತು.

ಅದು ಖಾಸಗಿ ಕಂಪನಿ, ಕೋರ್ಟಿಗೆ ಹೋಗುವ ತಾಕತ್ತಿತ್ತು. ನಾಳೆ ಒಂದು ಜಿಲ್ಲಾಸ್ಪತ್ರೆಗೆ ಹೀಗಾದರೆ? ಅದಾದ ಕೆಲವೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲು ಝೋಹೋಗೆ ಹೋದ ಸುದ್ದಿ ಬಂತು. ತಮಿಳುನಾಡಿನ ಕಂಪನಿ. ಒಳ್ಳೆಯದೇ.

ಶಹಾಬಾದ್_ಫರ್ಸಿ
ಒಳ್ಳೆಯದು ಹೇಗೆ? ಸರ್ಕಾರದ ಎನ್‌ಐಸಿ ನೋಡಿಕೊಳ್ಳುತ್ತಿದ್ದ ಇಮೇಲಿಗೆ ಇಲ್ಲಿಯ ಸೇಠ್ ಬಂದ. ಅಮೆರಿಕದವನಲ್ಲದಿದ್ದರೂ ಬೀಗದ ಕೈ ಸೇಠ್ ಹತ್ತಿರವೇ.

ಕೋಡ್_ಕಲಬುರಗಿ (ಈಗ ಬೆಂಗಳೂರು)
ಫರ್ಸಿ ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಕಂಪನಿ ಯಾವ ದೇಶದ್ದು ಅನ್ನುವುದಕ್ಕಿಂತ ಬಿಟ್ಟು ಹೋಗಲು ಬರುತ್ತದಾ ಅನ್ನುವುದು ಮುಖ್ಯ. ನಾನು ಇಂಥ ಟೆಂಡರುಗಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಕೆಳಗೆ ಎಷ್ಟು ಪೇಜು ಇದ್ದರೂ ನಾನು ಮೊದಲು ಹುಡುಕುವುದು ಒಂದೇ ಜಾಗ: ಒಪ್ಪಂದ ಮುಗಿದ ದಿನ ಡೇಟಾ ಯಾವ ರೂಪದಲ್ಲಿ ವಾಪಸ್ ಬರುತ್ತದೆ, ಎಷ್ಟು ದಿನದಲ್ಲಿ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ? ಎಷ್ಟೋ ಕಡೆ ಒಂದೂವರೆ ಸಾಲಿನಲ್ಲಿ ಮುಗಿಸಿರುತ್ತಾರೆ. ಐದು ವರ್ಷ ಆದ ಮೇಲೆ ಹೊಸ ಟೆಂಡರ್ ಕರೆಯುತ್ತಾರೆ. ಹಳೇ ಕಂಪನಿ ಬಿಟ್ಟು ಬೇರೆಯವರು ಬಂದರೆ ಡೇಟಾ ಸಾಗಿಸಲು ಆಗುವ ಖರ್ಚು ನೋಡಿಯೇ ಅಧಿಕಾರಿಗಳು ಕೈ ಬಿಡುತ್ತಾರೆ. ಮತ್ತೆ ಹಳೆಯವರಿಗೇ ಆರ್ಡರ್. ಲಂಚವೂ ಬೇಡ, ಒತ್ತಡವೂ ಬೇಡ. ಇದನ್ನು ಯಾವ ಟಿವಿ ಚರ್ಚೆಯೂ ಎತ್ತುವುದಿಲ್ಲ ಅಂತ ನನಗೆ ಬೇಜಾರು.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್, ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಕಂಪ್ಯೂಟರ್ ಕುಸಿದವು. ಹೈದರಾಬಾದ್ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ವಿಮಾನ ಹಾರಿದ್ದು ಯಾಕೆ? ಕೈಯಲ್ಲಿ ಬರೆಯುವ ದಾರಿಯೊಂದು ಇನ್ನೂ ಇತ್ತು ಅದಕ್ಕೆ. ಸುರಪುರದ ಅಕ್ಕ ಕೇಳಿದ ರಿಜಿಸ್ಟರ್ ಕೂಡ ಅದೇ.

ಹುಮನಾಬಾದ್_ಹುಡುಗ
ಸರಿ, ಟೆಂಡರ್ ಮಾತು ನನಗೂ ಹೊಸದು. ಆದರೂ ಜನ ಒಟ್ಟಾಗಿ ಕೂಗಿದರೆ ಕಂಪನಿ ಬಗ್ಗುತ್ತದೆ ಅನ್ನುವುದನ್ನು ಬಿಡಬೇಡಿ. 2021ರ ಜೂನಿನಲ್ಲಿ ಗೂಗಲ್ ಹುಡುಕಾಟದಲ್ಲಿ ಕನ್ನಡದ ಬಗ್ಗೆ ಕೆಟ್ಟದಾಗಿ ತೋರಿಸಿದಾಗ ಏನಾಯಿತು? ಒಂದೇ ದಿನದಲ್ಲಿ ತೆಗೆದು ಕ್ಷಮೆ ಕೇಳಿದರು. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಬಿ. ಸರೋಜಾದೇವಿ ಅವರಿಗೆ ಗೌರವ ಸಲ್ಲಿಸಿದ ಪೋಸ್ಟನ್ನು ಫೇಸ್‌ಬುಕ್ ತಾನಾಗೇ ಅನುವಾದ ಮಾಡಿ ಮುಖ್ಯಮಂತ್ರಿಯೇ ತೀರಿಕೊಂಡರು ಅಂತ ಬರೆದಾಗಲೂ ಕ್ಷಮೆ ಕೇಳಿದರು.

ಸುರಪುರದಕ್ಕ
ತಮ್ಮಾ, ಮುಖ್ಯಮಂತ್ರಿ ಪತ್ರ ಬರೆಸಿದರೆ ಕ್ಷಮೆ ಬರುತ್ತದೆ. ನಮ್ಮ ಹೆಂಗಸರ ಅರ್ಧ ದಿನದ ಕೂಲಿಗೆ ಯಾರು ಕ್ಷಮೆ ಕೇಳುತ್ತಾರೆ?

ಕಾಗಿಣಾ (ಚಿತ್ತಾಪುರ)
ಜನ ಗೆದ್ದ ನಿಜವಾದ ಉದಾಹರಣೆ ಬೇಕಾದರೆ 2016. ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಿತ್ತು, ಆಯ್ದ ಕೆಲವು ತಾಣ ಮಾತ್ರ ಪುಕ್ಕಟೆ. ಪತ್ರಿಕೆ ತುಂಬಾ ಜಾಹೀರಾತು. ಜನರಿಂದಲೇ ಟ್ರಾಯ್‌ಗೆ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ರೆಡಿಮೇಡ್ ಪತ್ರ ಕಳಿಸುವ ಏರ್ಪಾಡು ಬೇರೆ. ಈ ಕಡೆ ಇಂಟರ್ನೆಟ್ ಎಲ್ಲರಿಗೂ ಒಂದೇ ಇರಲಿ ಅಂತ ಲಕ್ಷಗಟ್ಟಲೆ ಜನ ಟ್ರಾಯ್‌ಗೆ ಇಮೇಲ್ ಬರೆದರು. ಫೆಬ್ರವರಿ 8ಕ್ಕೆ ಟ್ರಾಯ್ ಅದನ್ನು ತಡೆಯಿತು. ಜನ ಸುಮ್ನೆ ಕೂಗಲಿಲ್ಲ, ನಿಯಮ ಮಾಡುವ ಹೊತ್ತಿಗೆ ಸರಿಯಾಗಿ ಕೂಗಿದರು.

ವಕೀಲ_ಕಲಬುರಗಿ
ಸೇರಿಸಿ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಅರ್ಜಿ ಹಾಕಿದಾಗ ಅವರಿಗೆ 86 ದಾಟಿತ್ತು. ಆಮೇಲೆ ಬಂದ 2023ರ ಡೇಟಾ ಕಾನೂನು ಕಂಪನಿಗಳಿಗೆ ಕಟ್ಟುಪಾಡು ಹಾಕಿತು, ಜೊತೆಗೆ ಸರ್ಕಾರಕ್ಕೆ ದೊಡ್ಡ ವಿನಾಯಿತಿಯನ್ನೂ ಇಟ್ಟಿತು.

ಮಾಡರೇಟರ್
ಚರ್ಚೆ ಚೆನ್ನಾಗಿದೆ. ಪಕ್ಷದ ಹೆಸರು ಎಳೆದ ಎರಡು ಕಾಮೆಂಟ್ ತೆಗೆದಿದ್ದೇನೆ. ವಿಷಯದ ಮೇಲೇ ಇರಿ.

ತೊಗರಿಹೊಲ (ಆಳಂದ)
ನನ್ನದೊಂದು ಸಲಹೆ. ಪಂಚಾಯಿತಿಗಳು ಮೊದಲಿನ ಹಾಗೆ ಹಲಗೆ ಹೊಡೆಸಿ ಡಂಗುರ ಸಾರಿಸಲಿ. ಯಾವ ಕಂಪನಿಗೂ ಅದನ್ನು ಬಂದ್ ಮಾಡಲು ಆಗುವುದಿಲ್ಲ.

ಸುರಪುರದಕ್ಕ
ಬೇಡ ಕಾಕಾ. ಹಲಗೆ ಹೊಡೆಯುವ ಕೆಲಸವನ್ನು ಯಾರ ಮೇಲೆ ಹೇರಿದ್ದರು ಅಂತ ನಮಗೆಲ್ಲ ಗೊತ್ತು. ಅದು ಮತ್ತೆ ಬರುವುದು ಬೇಡ. ಕಸದ ಗಾಡಿಗೆ ಮೈಕ್ ಇದೆ, ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡೇ ಬರುತ್ತದೆ. ಅದರಲ್ಲೇ ಗ್ರಾಮಸಭೆ ತಾರೀಕು ಹೇಳಲಿ, ತಾಂಡಾಕ್ಕೂ ಹೋಗಲಿ, ಲಂಬಾಣಿಯಲ್ಲೂ ಹೇಳಲಿ. ಜೊತೆಗೆ ಅಂಗನವಾಡಿ ಗೋಡೆ ಮೇಲೆ ಒಂದು ಹಾಳೆ.

ತೊಗರಿಹೊಲ (ಆಳಂದ)
ನಿಮ್ಮ ಮಾತು ಸರಿ ಇದೆ ತಾಯಿ. ಕಸದ ಗಾಡಿಯೇ ಆಗಲಿ.

ಭೀಮಾತೀರದವ (ಅಫಜಲಪುರ)
ಇಷ್ಟು ಮಾತಾದ ಮೇಲೆ ಕೆಲಸಕ್ಕೆ ಇಳಿಯೋಣ. ಜಿಲ್ಲಾ ಪಂಚಾಯತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತಿದ್ದೇನೆ. ಪಂಚಾಯಿತಿಗಳ ಅಧಿಕೃತ ಪ್ರಕಟಣೆ ಯಾವ ಖಾಸಗಿ ಆಪ್‌ಗಳಲ್ಲಿ ಹೋಗುತ್ತಿದೆ, ಯಾವ ಆದೇಶದ ಮೇಲೆ? ಆ ಖಾತೆಗಳು ಯಾರ ಹೆಸರಿನಲ್ಲಿವೆ? ಅದು ನಿಂತುಹೋದರೆ ಬದಲಿ ವ್ಯವಸ್ಥೆ ಏನು? ಆಮೇಲೆ ಜಿಲ್ಲೆಯಲ್ಲಿ ಕ್ಲೌಡ್, ತಂತ್ರಾಂಶದ ಒಪ್ಪಂದ ಯಾರ್ಯಾರ ಜೊತೆ ಇದೆ, ಮುಗಿದಾಗ ಡೇಟಾ ಹೇಗೆ ವಾಪಸ್?

ವಕೀಲ_ಕಲಬುರಗಿ
ಎರಡು ಅರ್ಜಿ ಮಾಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಪ್ರಕಟಣೆಗಳದ್ದು ಒಂದು, ಒಪ್ಪಂದಗಳದ್ದು ಇನ್ನೊಂದು. ಒಪ್ಪಂದ ಕೇಳಿದಾಗ ವ್ಯಾಪಾರದ ಗುಟ್ಟು ಅಂತ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ) ತೋರಿಸಿ ತಿರಸ್ಕರಿಸಬಹುದು. ಅದಕ್ಕೆ ಪೂರ್ತಿ ಒಪ್ಪಂದ ಕೇಳಬೇಡಿ, ಡೇಟಾ ವಾಪಸ್ ಕೊಡುವ ಷರತ್ತಿನ ಪ್ರತಿ ಮಾತ್ರ ಕೇಳಿ. ಸಾರ್ವಜನಿಕ ಹಿತ ದೊಡ್ಡದು ಅಂತ ವಾದಿಸಲು ಆಗ ಸುಲಭ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನ ಅವಕಾಶ.

ಬಿದ್ರಿಕಲೆ (ಬೀದರ್)
ಬೀದರ್ ಜಿಲ್ಲಾ ಪಂಚಾಯತಿಗೆ ನಾನು ಹಾಕುತ್ತೇನೆ. ಕರಡು ಇಲ್ಲೇ ಹಾಕಿ, ಪ್ರಶ್ನೆ ಎಲ್ಲಾ ಕಡೆ ಒಂದೇ ಇರಲಿ. ಆಮೇಲೆ ಉತ್ತರ ಪಕ್ಕಪಕ್ಕ ಇಟ್ಟು ನೋಡಬಹುದು.

ಸುರಪುರದಕ್ಕ
ಯಾದಗಿರಿ ನನ್ನದು. ನನ್ನ ಅರ್ಜಿಯಲ್ಲಿ ಹಾಜರಿ ಆಪ್ ಕೆಲಸ ಮಾಡದ ದಿನ ಏನು ಮಾಡಬೇಕು ಅಂತ ಆದೇಶ ಇದೆಯಾ, ಇದ್ದರೆ ಪ್ರತಿ ಕೊಡಿ ಅಂತ ಬೇರೆ ಕೇಳುತ್ತೇನೆ.

ಹುಮನಾಬಾದ್_ಹುಡುಗ
ಕರಡು ಟೈಪ್ ಮಾಡಿ ಕೊಡುವ ಕೆಲಸ ನನಗೆ ಬಿಡಿ. ಯೂನಿಕೋಡಿನಲ್ಲೇ ಮಾಡುತ್ತೇನೆ.

ವಕೀಲ_ಕಲಬುರಗಿ
ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇರುವವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ.